ಗಾಳಿಯಿಲ್ಲದ ಗಂಟೆಗಳು

"ನಾನೂರ ಹನ್ನೆರಡು ಅನ್ನೋ ಮಾತು ಬಾಯಿ ತಪ್ಪಿಯೂ ಹೊರಗೆ ಬರಬಾರದು," ಎಂದರು ನಿರ್ದೇಶಕರು. ವ್ಯಾನಿನ ಮುಂದಿನ ಸೀಟಿನಲ್ಲಿದ್ದ ಅವರು ತಿರುಗಿ ನೋಡಲಿಲ್ಲ. ಎದುರಿನ ಗಾಜಿಗೆ ಹೇಳಿದಂತಿತ್ತು.

"ಯಾರು ಕೇಳ್ತಾರೆ ಸರ್."

"ಕೇಳಿದರೆ?"

"ನಿಯಮಾವಳಿ ತೋರಿಸ್ತೀನಿ."

"ಹಾಗೆ ದಾರಿಗೆ ಬನ್ನಿ."

ದಾರಿಗೆ ಬಂದು ಆಗಲೇ ಮೂರು ಗಂಟೆಯಾಗಿತ್ತು. ಬೆಳಗಿನ ಐದಕ್ಕೆ ಹೊರಟ ವ್ಯಾನು ಈಗ ಲಾರಿಗಳ ಹಿಂದೆ ತೆವಳುತ್ತಿತ್ತು. ಹಿಂದಿನ ಸೀಟಿನಲ್ಲಿ ಕೂತಿದ್ದ ಅವನ ತೊಡೆಯ ಮೇಲೆ ಇನ್ನೂರ ನಲವತ್ತು ಪುಟಗಳ ವರದಿ. ಹೊಳಪಿನ ರಕ್ಷಾಪುಟದ ಮೇಲೆ ಎರಡು ಎಲೆ ಬಿಟ್ಟ ಎಳೆಯ ಸಸಿ. ಕಲ್ಲಿದ್ದಲು ಸುಡುವ ಸ್ಥಾವರದ ವರದಿಗೆ ಸಸಿ ಯಾಕೆ ಎಂದು ಅವನು ಒಮ್ಮೆ ಕೇಳಿದ್ದ. "ಮತ್ತೇನು, ಚಿಮಣಿ ಹಾಕಲಾ?" ಎಂದಿದ್ದರು ನಿರ್ದೇಶಕರು.

ಅವರಿಗೆ ಕಚೇರಿಯಲ್ಲಿ ಸರಾಸರಿ ಎಂದು ಹೆಸರು. ಯಾವ ಅಂಕಿ ಮುಂದಿಟ್ಟರೂ "ಇದರ ಸರಾಸರಿ ಎಷ್ಟು?" ಎನ್ನುವರು. 'ಅತಿ ಹೆಚ್ಚು' ಎಂಬ ಮಾತು ಕಿವಿಗೆ ಬಿದ್ದರೆ, ಮಕ್ಕಳ ಮುಂದೆ ಯಾರೋ ಕೆಟ್ಟ ಮಾತಾಡಿದಂತೆ ಮುಖ ಮಾಡುವರು.

ಹೊಗೆ ಎಲ್ಲಿ ಬೀಳುತ್ತದೆ ಎಂದು ಲೆಕ್ಕ ಹಾಕುವುದು ಅವನ ಕೆಲಸ. ಚಿಮಣಿಯ ಎತ್ತರ, ಬಾಯಿಯ ಅಗಲ, ಹೊಗೆಯ ಬಿಸಿ, ಗಂಟೆಗಂಟೆಗೂ ಗಾಳಿಯ ವೇಗ ಮತ್ತು ದಿಕ್ಕು, ಇಷ್ಟನ್ನು ಕಂಪ್ಯೂಟರಿಗೆ ಉಣಿಸಿದರೆ ಅದು ಊರಿನ ನಕ್ಷೆಯ ಮೇಲೆ ಹಸಿರು, ಹಳದಿ, ಕೆಂಪು ಉಂಗುರಗಳನ್ನು ಬರೆದುಕೊಡುತ್ತಿತ್ತು. ಸೂತ್ರ ಸರಳ. ಹೊಗೆಯನ್ನು ಗಾಳಿಯ ವೇಗದಿಂದ ಭಾಗಿಸಬೇಕು. ಗಾಳಿ ಜೋರಾದಷ್ಟೂ ಹೊಗೆ ತೆಳು. ಗಾಳಿ ನಿಂತೇ ಹೋದರೆ? ಆಗ ಸೊನ್ನೆಯಿಂದ ಭಾಗಿಸಬೇಕಾಗುತ್ತದೆ, ಉತ್ತರ ಅನಂತ. ಅನಂತವನ್ನು ವರದಿಯಲ್ಲಿ ಅಚ್ಚು ಹಾಕಿಸಲಾಗದು. ಆದ್ದರಿಂದ ನಿಯಮಾವಳಿಯ ಒಂದು ಅಡಿಟಿಪ್ಪಣಿ ದಾರಿ ತೋರಿಸಿತ್ತು: ಗಾಳಿಯಿಲ್ಲದ ಗಂಟೆಗಳನ್ನು ಲೆಕ್ಕದಿಂದ ಕೈಬಿಡಬಹುದು.

ಹೋದ ವರ್ಷ ಅಂಥ ಗಂಟೆಗಳು ನಾನೂರ ಹನ್ನೆರಡು ಇದ್ದವು.

"ವರ್ಷಕ್ಕೆ ಎಂಟು ಸಾವಿರದ ಏಳುನೂರ ಅರವತ್ತು ಗಂಟೆ ಇರುತ್ತಪ್ಪ," ಎಂದಿದ್ದರು ಸರಾಸರಿ. "ಅದರಲ್ಲಿ ನಾನೂರು ಗಂಟೆ ಹೋದರೆ ಯಾರಪ್ಪನ ಗಂಟು ಹೋಯ್ತು?" ಎಂದು ತಮ್ಮ ಮಾತಿಗೆ ತಾವೇ ನಕ್ಕಿದ್ದರು. ಅವನೂ ನಕ್ಕಿದ್ದ. ನಕ್ಕದ್ದು ನೆನಪಾದರೆ ಈಗಲೂ ಕಿವಿ ಬಿಸಿಯಾಗುತ್ತಿತ್ತು.

ಏಕೆಂದರೆ ಆ ಗಂಟೆಗಳನ್ನು ಅವನು ಬೇರೆ ವಿಧಾನದಿಂದ, ಯಾರೂ ಹೇಳದೆ, ಮೂರು ವಾರ ಕೂತು ಲೆಕ್ಕ ಹಾಕಿದ್ದ. ಹೊಗೆಯನ್ನು ಚಿಕ್ಕಚಿಕ್ಕ ಮುದ್ದೆಗಳೆಂದು ಎಣಿಸುವ ವಿಧಾನ. ಮುದ್ದೆಗಳು ಗಾಳಿಯಿಲ್ಲದಾಗ ಇದ್ದಲ್ಲೇ ನಿಲ್ಲುತ್ತವೆ. ನಾನೂರ ಹನ್ನೆರಡರಲ್ಲಿ ಹೆಚ್ಚಿನವು ಚಳಿಗಾಲದ ಬೆಳಗಿನ ಜಾವದವು. ತಣ್ಣನೆಯ ಗಾಳಿ ಊರಿನ ಮೇಲೆ ಪಾತ್ರೆಯ ಮುಚ್ಚಳದಂತೆ ಕೂರುತ್ತದೆ. ಹೊಗೆ ಮೇಲೆಲ್ಲೋ ತೂಗಿಕೊಂಡು ಕಾಯುತ್ತದೆ. ಬಿಸಿಲೇರಿ ನೆಲ ಬೆಚ್ಚಗಾದೊಡನೆ, ಏಳೂವರೆಗೋ ಎಂಟಕ್ಕೋ, ಅಷ್ಟೂ ಒಟ್ಟಿಗೆ ಕೆಳಗಿಳಿಯುತ್ತದೆ. ವರ್ಷದಲ್ಲಿ ಅಂಥ ಇಪ್ಪತ್ತಾರು ಬೆಳಗುಗಳು. ಮಿತಿಯ ಮೂರು ಪಟ್ಟು. ಬೀಳುವ ಜಾಗ ಸ್ಥಾವರದಿಂದ ಎರಡೂವರೆ ಕಿಲೋಮೀಟರು ಆಚೆ.

ಸರಾಸರಿಯವರ ಮೇಜಿನ ಮೇಲೆ ಹಾಳೆ ಇಟ್ಟಿದ್ದ. ಅವರು ಕನ್ನಡಕ ಏರಿಸಿ, "ಇದರ ವರ್ಷದ ಸರಾಸರಿ?" ಎಂದರು.

"ಮಿತಿಯೊಳಗೇ ಇದೆ ಸರ್. ಆದರೆ..."

"ಮತ್ತೇನು."

ಅವನಿಗೆ ಸಿಟ್ಟು ಬಂದಿತ್ತು. ಆದರೆ ಅವನ ಸಿಟ್ಟೂ ಅವನಷ್ಟೇ ಓದಿಕೊಂಡದ್ದು. ಬಾಗಿಲು ತಟ್ಟಿ, ಒಳಗೆ ಬರಲಾ ಎಂದು ಕೇಳಿ, ಬೇಡ ಎಂದರೆ ಥ್ಯಾಂಕ್ಸ್ ಹೇಳಿ ಹೊರಟುಹೋಗುವಂಥದು. ಆ ಲೆಕ್ಕವನ್ನು ಕಂಪ್ಯೂಟರಿನಲ್ಲಿ 'ಹಳೆಯದು' ಎಂಬ ಫೋಲ್ಡರಿಗೆ ಹಾಕಿದ. ಹಾಕುವಾಗ ಅದು ನಾಲ್ಕು ದಿನದ ಹಿಂದಿನದಾಗಿತ್ತು.

ಲಾರಿಗಳು ಸರಿದವು. ತಿರುವಿನಾಚೆ ಎರಡು ಚಿಮಣಿ ಕಾಣಿಸಿದವು. ಮೂರನೆಯದನ್ನು ಕಟ್ಟಲು ಅನುಮತಿ ಬೇಕಿತ್ತು. ಅನುಮತಿಗೆ ಮೊದಲು ಊರಿನವರ ಅಹವಾಲು ಕೇಳಬೇಕೆಂದು ಕಾನೂನು. ಕೇಳುವ ಜಾಗ ಊರಿನ ಶಾಲೆ. ಶಾಲೆ ಇದ್ದದ್ದು ಎರಡೂವರೆ ಕಿಲೋಮೀಟರಿನಲ್ಲಿ.

ಅಲ್ಲಿ ಅಕ್ಕ ಟೀಚರು. ಇದನ್ನು ಅವನು ಸರಾಸರಿಗೆ ಹೇಳಿರಲಿಲ್ಲ.

*

"ಬಾ ಪಂಡಿತ," ಎಂದಳು ಅಕ್ಕ.

ಶಾಲೆಯ ಹಿಂದಿನ ಎರಡು ಕೋಣೆಯ ವಸತಿ ಅವಳದು. ಕಿಟಕಿಯ ಸಂದುಗಳಿಗೆಲ್ಲ ಪತ್ರಿಕೆಯ ಪಟ್ಟಿ ಅಂಟಿಸಿದ್ದಳು. ಸರಾಸರಿಯವರು ಸ್ಥಾವರದ ಅತಿಥಿಗೃಹಕ್ಕೆ ಸ್ನಾನಕ್ಕೆಂದು ಹೋಗಿದ್ದರು. ಪ್ರೊಜೆಕ್ಟರು ಜೋಡಿಸುವ ನೆಪದಲ್ಲಿ ಅವನು ಇಲ್ಲಿ ಇಳಿದಿದ್ದ. ಸಭೆಗೆ ಇನ್ನೂ ಎರಡೂವರೆ ಗಂಟೆಯಿತ್ತು.

"ದನಿ ಏನಾಯ್ತು? ನೆಗಡಿಯಾ?"

"ನೆಗಡಿ ಬಂದರೆ ಹೋಗುತ್ತೆ. ಇದು ಬಂದು ಎರಡು ವರ್ಷ ಆಯ್ತು. ಫೋನಲ್ಲಿ ಗೊತ್ತಾಗಲ್ವಾ?"

ಫೋನು ಮಾಡುತ್ತಿದ್ದವಳು ಅವಳು. ಇವನು ಹೂಂ ಎನ್ನುತ್ತಿದ್ದ.

ಅಮ್ಮ ಹೋದಾಗ ಅವನಿಗೆ ಏಳು, ಅಕ್ಕನಿಗೆ ಹದಿನಾರು. ಅವನಿಗೆ ಮಗ್ಗಿ ಬಾಯಿಪಾಠ ಮಾಡಿಸಿದವಳು ಅವಳು, ಅಪ್ಪನೊಂದಿಗೆ ಜಗಳವಾಡಿ ಕಾಲೇಜಿಗೆ ಕಳಿಸಿದವಳು ಅವಳು. ಸೊನ್ನೆಯಿಂದ ಭಾಗಿಸಬಾರದು ಎಂದು ಮೊದಲು ಹೇಳಿಕೊಟ್ಟವಳೂ ಅವಳೇ. ಯಾಕೆ ಎಂದು ಅವನು ಹಟ ಹಿಡಿದಾಗ ಹತ್ತು ಬಿಸ್ಕತ್ತು ತಂದಿಟ್ಟು, "ಯಾರಿಗೂ ಕೊಡಬೇಡ, ಆದರೆ ಪೂರ್ತಿ ಹಂಚಿ ಮುಗಿಸು ನೋಡೋಣ," ಎಂದಿದ್ದಳು. ಅವನು ಬಿಸ್ಕತ್ತು ಹಿಡಿದುಕೊಂಡು ಅರ್ಧ ಗಂಟೆ ಅತ್ತಿದ್ದ. ಅಂದಿನಿಂದ ಅವನ ಹೆಸರು ಪಂಡಿತ.

ಅವಳು ಚಹಾ ಇಡುವ ಮೊದಲು ಮೇಜು ಒರೆಸಿದಳು. ಬಟ್ಟೆ ಕಪ್ಪಾಯಿತು. ಅದನ್ನು ಅವನಿಗೆ ತೋರಿಸಲಿಲ್ಲ, ಮಡಚಿ ಬದಿಗಿಟ್ಟಳು. ತೋರಿಸಿದ್ದರೆ ವಾಸಿಯಿತ್ತು ಎನಿಸಿತು ಅವನಿಗೆ.

"ಇವತ್ತು ಮಾತಾಡೋದು ನೀನೇನಾ?"

"ಬರೀ ತಾಂತ್ರಿಕ ಭಾಗ."

"ಬರೀ ಅಂದ್ರೆ?"

"ನಕ್ಷೆ ತೋರಿಸೋದು."

"ನಕ್ಷೇಲಿ ನಮ್ಮ ಶಾಲೆ ಇದೆಯಾ?"

"ಇದೆ. ಹಳದಿ ಬಣ್ಣದಲ್ಲಿ."

"ಹಳದಿ ಅಂದ್ರೆ ಒಳ್ಳೇದಾ, ಕೆಟ್ಟದ್ದಾ?"

"ಮಿತಿಯೊಳಗೆ."

"ಅಡ್ಡಗೋಡೆ ಮೇಲೆ ದೀಪ ಇಡಬೇಡ. ನಾನು ಕೇಳಿದ್ದು ಅದಲ್ಲ."

ಅವನು ಚಹಾ ಕುಡಿದ. ಅಕ್ಕ ಎದ್ದು ಒಳಗಿನಿಂದ ಹಾಜರಿ ಪುಸ್ತಕ ತಂದಳು. ಪುಟಗಳ ಅಂಚಿನಲ್ಲಿ ಕೆಲವು ದಿನಾಂಕಗಳ ಪಕ್ಕ ಕೆಂಪು ಚುಕ್ಕೆ ಇಟ್ಟಿದ್ದಳು. ಬೆಳಗಿನ ಪ್ರಾರ್ಥನೆಗೆ ಮಕ್ಕಳನ್ನು ಬಯಲಲ್ಲಿ ನಿಲ್ಲಿಸಲಾಗದೆ ಒಳಗೇ ಕೂರಿಸಿದ ದಿನಗಳು. ಕಣ್ಣುರಿ, ಕೆಮ್ಮು, ಗಂಧಕದ ವಾಸನೆ. ಎಂಟರ ಹೊತ್ತಿಗೆ ಬರುತ್ತದೆ, ಹತ್ತಕ್ಕೆ ಹೋಗುತ್ತದೆ. ಹೋದ ವರ್ಷ ಮೂವತ್ತೊಂದು ಚುಕ್ಕೆ.

ಅವನು ಪುಟ ತಿರುಗಿಸಿದ. ತನ್ನ ಇಪ್ಪತ್ತಾರು ಬೆಳಗುಗಳ ದಿನಾಂಕ ಅವನಿಗೆ ಬಾಯಿಪಾಠವಿತ್ತು. ಒಂದು ಹೊಂದಿತು. ಎರಡು. ಮತ್ತೆ ಸಾಲಾಗಿ ನಾಲ್ಕು. ಪುಸ್ತಕ ಮುಗಿಯುವಷ್ಟರಲ್ಲಿ ಇಪ್ಪತ್ತಮೂರು ಹೊಂದಿದ್ದವು. ಅವನು ಕೆಲಸಕ್ಕೆ ಸೇರಿ ಹದಿನೆಂಟು ವರ್ಷವಾಗಿತ್ತು. ಯಾವ ಉಪಕರಣವೂ ಅವನ ಲೆಕ್ಕಕ್ಕೆ ಇಷ್ಟು ಚೆನ್ನಾಗಿ ಸಾಕ್ಷಿ ಹೇಳಿರಲಿಲ್ಲ. ಒಂದು ಕ್ಷಣ ಖುಷಿಯಾಯಿತು, ಪರೀಕ್ಷೆಯಲ್ಲಿ ಮೊದಲ ಸ್ಥಾನ ಬಂದಾಗ ಆಗುವಂಥ ಖುಷಿ. ಮರುಕ್ಷಣ ಆ ಖುಷಿಯನ್ನು ಹಿಡಿದು ಹೊಸಕಿಹಾಕಬೇಕೆನಿಸಿತು.

"ಇದನ್ನ ಸಭೆಗೆ ತರಬೇಡ," ಎಂದ.

"ಯಾಕೆ?"

"ಅವರಿಗೆ ಅಳತೆ ಬೇಕು. ಇದನ್ನ ಗಾಳಿಮಾತು ಅಂತಾರೆ."

"ಗಾಳಿ ಬಗ್ಗೆ ಮಾತು ತಾನೆ?" ಅವಳು ನಕ್ಕಳು, ನಗು ಕೆಮ್ಮಿನಲ್ಲಿ ಮುಗಿಯಿತು. ನೀರು ಕುಡಿದು ಕೇಳಿದಳು: "ಪಂಡಿತ, ಈ ದಿನಗಳು ನಿನ್ನ ಲೆಕ್ಕದಲ್ಲಿ ಇದಾವೋ ಇಲ್ವೋ?"

ಅವನು ಗಡಿಯಾರ ನೋಡಿದ.

"ಪ್ರೊಜೆಕ್ಟರ್ ಜೋಡಿಸಬೇಕು ಅಕ್ಕ."

*

ಸಭಾಂಗಣದಲ್ಲಿ ಮಕ್ಕಳ ಬೆಂಚುಗಳೇ ಇದ್ದವು. ಊರಿನ ದೊಡ್ಡವರೆಲ್ಲ ಮೊಣಕಾಲು ಎದೆಗೆ ತಾಗುವಂತೆ ಮುದುರಿ ಕೂತಿದ್ದರು. ವೇದಿಕೆಯ ಮೇಲೆ ಸರಿಯಾದ ಎತ್ತರದ ಮೂರು ಕುರ್ಚಿ. ನಡುವೆ ಅಧ್ಯಕ್ಷತೆ ವಹಿಸಿದ್ದ ಅಧಿಕಾರಿ, ಎಡಕ್ಕೆ ಸರಾಸರಿ, ಬಲಕ್ಕೆ ಸ್ಥಾವರದ ಸಂಪರ್ಕಾಧಿಕಾರಿ. ಅಧಿಕಾರಿಯ ಕಾಲ ಬಳಿ ಗಾಳಿ ಶುದ್ಧ ಮಾಡುವ ಯಂತ್ರವೊಂದು ಹಸಿರು ದೀಪ ಉರಿಸಿಕೊಂಡು ಗುಂಯ್ ಎನ್ನುತ್ತಿತ್ತು. ಸ್ಥಾವರದವರೇ ತಂದಿಟ್ಟದ್ದು. ಅದರ ಬಗ್ಗೆ ಯಾರಿಗೂ ಏನೂ ಅನ್ನಿಸಿದಂತಿರಲಿಲ್ಲ.

ಅವನು ನಕ್ಷೆ ತೋರಿಸಿದ. ಉಂಗುರಗಳನ್ನು ವಿವರಿಸಿದ. ತನ್ನ ದನಿ ತನಗೆ ಕೇಳುತ್ತಿತ್ತು: ಮೆದು, ಸಭ್ಯ, ಒಂದೇ ಮಟ್ಟದ್ದು. ಆ ದನಿಯ ಕೆನ್ನೆಗೆ ಬಾರಿಸಬೇಕೆನಿಸಿತು.

"ಚಿಮಣಿಯ ಎತ್ತರ ಇನ್ನೂರ ಎಪ್ಪತ್ತು ಮೀಟರ್ ಇರೋದರಿಂದ ಹೊಗೆ ದೂರ ಹೋಗಿ ತೆಳುವಾಗುತ್ತೆ," ಎಂದ.

"ದೂರ ಅಂದ್ರೆ ಎಲ್ಲಿಗೆ ಸ್ವಾಮಿ?" ಎಂದಿತು ಹಿಂದಿನಿಂದ ಒಂದು ದನಿ.

"ದೂರಕ್ಕೆ."

"ಅಲ್ಲೂ ಯಾರೋ ಇರ್ತಾರಲ್ಲ?"

ಜನ ನಕ್ಕರು. ಅಧಿಕಾರಿ ಪೆನ್ನಿನಿಂದ ಮೇಜು ಕುಟ್ಟಿದರು.

ನಿವೃತ್ತ ಫಿಟ್ಟರ್ ಒಬ್ಬ ಎದ್ದ. ಮೂವತ್ತು ವರ್ಷ ಬಾಯ್ಲರಿನ ಕೆಲಸ ಮಾಡಿದವನು. ಮಾತಿಗೆ ಮೊದಲು ಒಂದು ನಿಮಿಷ ಕೆಮ್ಮಿದ, ಎಲ್ಲರೂ ಕಾದರು. "ಹೊಗೆ ಇಲ್ದೆ ಒಲೆ ಉರಿಯುತ್ತೇನ್ರಿ? ನನ್ನ ಮೂರು ಮಕ್ಕಳು ಓದಿದ್ದು ಆ ಚಿಮಣಿಯಿಂದ. ಮೂರನೇದೂ ಬರಲಿ. ನನ್ನ ಅಳಿಯನಿಗೆ ಕೆಲಸ ಆಗುತ್ತೆ." ಚಪ್ಪಾಳೆ ಬಿತ್ತು. ಆ ಚಪ್ಪಾಳೆ ಸುಳ್ಳಲ್ಲ ಎಂಬುದು ಅವನನ್ನು ಹೆಚ್ಚು ಕೆರಳಿಸಿತು. ಇವರು ಬೈದಿದ್ದರೆ, ಕಲ್ಲು ತೂರಿದ್ದರೆ, ತಾನು ಯಾವ ಕಡೆಯವನು ಎಂದಾದರೂ ಗೊತ್ತಾಗುತ್ತಿತ್ತು.

ಆಮೇಲೆ ಮೂರನೆಯ ಸಾಲಿನಲ್ಲಿ ಅಕ್ಕ ಎದ್ದಳು. ಕಂಕುಳಲ್ಲಿ ಹಾಜರಿ ಪುಸ್ತಕ.

"ನಾನು ಈ ಶಾಲೆಯ ಟೀಚರ್," ಎಂದಳು ಒಡೆದ ದನಿಯಲ್ಲಿ. "ತಜ್ಞರಿಗೆ ಒಂದು ಪ್ರಶ್ನೆ."

"ಕೇಳಿ," ಎಂದರು ಅಧಿಕಾರಿ.

"ಹೋದ ವರ್ಷ ಮೂವತ್ತೊಂದು ದಿನ ಮಕ್ಕಳನ್ನ ಬೆಳಿಗ್ಗೆ ಹೊರಗೆ ನಿಲ್ಲಿಸೋಕೆ ಆಗಲಿಲ್ಲ. ದಿನಾಂಕ ಇಲ್ಲಿವೆ. ಆ ದಿನಗಳು ನಿಮ್ಮ ನಕ್ಷೇಲಿ ಎಲ್ಲಿವೆ, ನೀವು ಹೇಳಬೇಕು."

ನೀವು. ಹುಟ್ಟಿದಾಗಿನಿಂದ ಅವಳು ಅವನನ್ನು ಬಹುವಚನದಲ್ಲಿ ಕರೆದಿರಲಿಲ್ಲ. ಅವಳು ಅವನನ್ನು ಕಾಪಾಡುತ್ತಿದ್ದಳು, ಗುರುತು ಹೇಳದೆ. ಅಥವಾ ಬಿಟ್ಟುಕೊಡುತ್ತಿದ್ದಳು. ಎರಡರಲ್ಲಿ ಯಾವುದೆಂದು ಅವಳ ಮುಖದಿಂದ ತಿಳಿಯಲಿಲ್ಲ.

ಸರಾಸರಿ ತಮ್ಮ ನೀರಿನ ಲೋಟ ನೋಡುತ್ತಿದ್ದರು.

ನಾನೂರ ಹನ್ನೆರಡು ಎಂಬ ಮಾತು ಅವನ ನಾಲಗೆಯ ಮೇಲಿತ್ತು. ನಿಜವಾಗಿಯೂ ಇತ್ತು, ಅದರ ತೂಕ ಗೊತ್ತಾಗುತ್ತಿತ್ತು. ಉಗುಳಿದ್ದರೆ ಆಗುತ್ತಿತ್ತು. ಅವನು ನುಂಗಿದ.

"ಮೇಡಂ," ಎಂದ.

ಹೇಳಿದ ಮೇಲೆ ಹಿಂತೆಗೆಯಲಾಗದ ಮಾತು ಅದು. ಉಳಿದದ್ದೆಲ್ಲ ತಾನೇ ಹೊರಬಂತು. "ಮೇಡಂ, ಒಬ್ಬೊಬ್ಬರ ಅನುಭವ ಬೇರೆ, ವೈಜ್ಞಾನಿಕ ಅಳತೆ ಬೇರೆ. ಚಳಿಗಾಲದ ಬೆಳಿಗ್ಗೆ ಮಂಜು ಇರುತ್ತೆ. ಮನೆಗಳಲ್ಲಿ ಒಲೆ ಹಚ್ಚಿರ್ತಾರೆ, ಬೀದೀಲಿ ಕಸ ಸುಡ್ತಾರೆ. ಆ ಹೊಗೆಯನ್ನ ಸ್ಥಾವರದ ಲೆಕ್ಕಕ್ಕೆ ಹಾಕೋಕೆ ಬರೋದಿಲ್ಲ."

"ಮೇಡಂ ಮನೆ ಒಲೆ ಪರೀಕ್ಷೆ ಮಾಡಿಸ್ರಪ್ಪಾ," ಎಂದ ಯಾರೋ. ಸಭಾಂಗಣ ಗೊಳ್ಳೆಂದಿತು. ಫಿಟ್ಟರ್ ನಗುತ್ತಾ ಕೆಮ್ಮಿದ, ಕೆಮ್ಮುತ್ತಾ ನಕ್ಕ.

ಅಕ್ಕ ನಗು ಮುಗಿಯುವವರೆಗೆ ನಿಂತಿದ್ದಳು. ಗಲಾಟೆ ಮಾಡುವ ತರಗತಿಯ ಮುಂದೆ ನಿಂತು ಅಭ್ಯಾಸವಿದ್ದವಳು. ಆಮೇಲೆ, "ಸರಿ," ಎಂದು ಕೂತಳು.

'ಟೀಚರ್ ಒಬ್ಬರ ಸಂದೇಹಕ್ಕೆ ತಜ್ಞರು ಸಮಂಜಸ ಉತ್ತರ ನೀಡಿದರು' ಎಂದು ಅಧಿಕಾರಿ ನಡಾವಳಿಯಲ್ಲಿ ಬರೆಸಿದರು. ಒಂದು ಗಂಟೆಗೆ ಸಭೆ ಮುಗಿಯಿತು.

*

"ಭೇಷ್," ಎಂದರು ಸರಾಸರಿ ಮೆಟ್ಟಿಲಿಳಿಯುತ್ತಾ. "ಆ ಟೀಚರಮ್ಮ ಕುತ್ತಿಗೆಗೇ ಬಂದಿದ್ದರು. ಹಾವೂ ಸಾಯಲಿಲ್ಲ, ಕೋಲೂ ಮುರೀಲಿಲ್ಲ. ಚೆನ್ನಾಗಿ ಸಂಭಾಳಿಸಿದಿರಿ."

"ಅವಳು ನನ್ನ ಅಕ್ಕ."

ಸರಾಸರಿ ನಿಂತರು. ಅವರ ಮುಖದ ಮೇಲೆ ಏನು ಮೂಡುತ್ತದೆಂದು ಅವನು ಆಸೆಯಿಂದ ಕಾದ. ನಾಚಿಕೆಯಾದರೂ ಸರಿ, ಸಂಶಯವಾದರೂ ಸರಿ.

"ಅಯ್ಯೋ, ಮೊದಲೇ ಹೇಳಬಾರದಿತ್ತಾ?" ಎಂದರು ಅವರು. "ತಜ್ಞರು ಇದೇ ಊರಿನ ಕುಟುಂಬದವರು ಅಂತ ನಡಾವಳೀಲಿ ಸೇರಿಸ್ತಿದ್ದೆ. ವಜನು ಬರ್ತಿತ್ತು. ಬನ್ನಿ, ಊಟಕ್ಕೆ ಕಾಯ್ತಿದಾರೆ."

"ನನಗೆ ಹಸಿವಿಲ್ಲ."

"ಗಾಳಿ ಬಂದಾಗ ತೂರಿಕೋಬೇಕು ಕಣ್ರೀ. ಇವತ್ತು ದೊಡ್ಡವರೆಲ್ಲ ಇದಾರೆ, ನಿಮ್ಮ ಪರಿಚಯ ಮಾಡಿಸ್ತೀನಿ."

"ಹಸಿವಿಲ್ಲ ಅಂದೆನಲ್ಲ!"

ದನಿ ಏರಿತ್ತು. ವ್ಯಾನಿನ ಚಾಲಕ ತಿರುಗಿ ನೋಡಿದ. ಸರಾಸರಿ ಪ್ರಯಾಣದ ಸುಸ್ತು ಎಂದು ತಮಗೆ ತಾವೇ ತೀರ್ಪು ಕೊಟ್ಟುಕೊಂಡು ಹೊರಟರು. ಅವನ ಸಿಟ್ಟು ಹೋಗಿ ತಾಗಿದ್ದು ಊಟಕ್ಕೆ. ಊಟ ಮಾತ್ರ ತಪ್ಪಿತು.

ಅಕ್ಕ ಶಿಕ್ಷಕರ ಕೋಣೆಯಲ್ಲಿ ಒಬ್ಬಳೇ ಇದ್ದಳು. ಎದುರಿಗೆ ನೋಟುಪುಸ್ತಕಗಳ ಅಟ್ಟಿ. ಕೆಂಪು ಪೆನ್ನು ಹಿಡಿದು ತಿದ್ದುತ್ತಿದ್ದಳು.

"ಊಟ ಆಯ್ತಾ?" ಎಂದಳು, ತಲೆಯೆತ್ತದೆ.

ಅವಳು ಬೈಯಬೇಕಿತ್ತು. ಅವನು ಬಂದದ್ದೇ ಬೈಸಿಕೊಳ್ಳಲು.

"ಅಷ್ಟು ಜನರ ಮುಂದೆ ಕೇಳಬೇಕಿತ್ತಾ ನೀನು?" ಎಂದ. "ಮನೇಲಿ ಕೇಳೋಕೆ ಆಗ್ತಿರಲಿಲ್ವಾ?"

"ಮನೇಲಿ ಕೇಳಿದ್ದೆ. ಬೆಳಿಗ್ಗೆ."

"ನನ್ನ ಸ್ಥಿತಿ ನಿನಗೆ ಗೊತ್ತಿಲ್ಲ."

"ಇಲ್ಲ. ನೀನು ಹೇಳಿದರೆ ತಾನೆ."

"ನೀನು ತಿಳಿಕೊಂಡ ಹಾಗಲ್ಲ ಅದು. ನಿಯಮ ಇದೆ, ವಿಧಾನ ಇದೆ..."

"ಲೆಕ್ಕ ಸರಿಯಾಗಿತ್ತಾ?"

"ನಿಯಮದ ಪ್ರಕಾರ ಸರಿ."

"ನಾನು ನಿಯಮ ಕೇಳಲಿಲ್ಲ ಪಂಡಿತ."

"ಪಂಡಿತ ಅನ್ನಬೇಡ ನನ್ನ!" ಅವನು ಎರಡೂ ಕೈಯಿಂದ ಮೇಜು ಗುದ್ದಿದ. ಅಟ್ಟಿ ಜಾರಿ ಪುಸ್ತಕಗಳು ನೆಲಕ್ಕೆ ಬಿದ್ದವು. ಬಿದ್ದಲ್ಲಿಂದ ಕಪ್ಪು ಧೂಳೆದ್ದಿತು. ಅವನು ಇನ್ನೇನೋ ಕಿರುಚಲು ಬಾಯಿ ತೆರೆದ. ಧೂಳು ಗಂಟಲಿಗೆ ಹೋಯಿತು. ಅವನು ಕೆಮ್ಮಿದ, ಅಕ್ಕನೂ ಕೆಮ್ಮಿದಳು. ಮೇಜಿನ ಆಚೆ ಈಚೆ ಬಗ್ಗಿ, ಕಣ್ಣಲ್ಲಿ ನೀರು ತುಂಬಿಕೊಂಡು ಇಬ್ಬರೂ ಬಹಳ ಹೊತ್ತು ಕೆಮ್ಮಿದರು. ಹದಿನೆಂಟು ವರ್ಷ ಕೂಡಿಟ್ಟ ಸಿಟ್ಟು ಅಷ್ಟರಲ್ಲಿ ಮುಗಿದುಹೋಯಿತೇ ಎಂದು ಅವನಿಗೆ ಹೆದರಿಕೆಯಾಯಿತು.

ನೆಲದ ಮೇಲೆ ಕೂತು ಪುಸ್ತಕ ಆಯುತ್ತಾ ಅವನು ಹೇಳಿದ. ತಲೆಯೆತ್ತದೆ, ನೆಲಕ್ಕೇ ಹೇಳಿದ. ಸೊನ್ನೆಯ ವಿಷಯ, ಅಡಿಟಿಪ್ಪಣಿಯ ವಿಷಯ, ಹೊಗೆಯ ಮುದ್ದೆಗಳ ವಿಷಯ. ನಾನೂರ ಹನ್ನೆರಡು. ಇಪ್ಪತ್ತಾರು ಬೆಳಗು. ಮೂರು ಪಟ್ಟು. ಅವಳ ಚುಕ್ಕೆಗಳಲ್ಲಿ ಇಪ್ಪತ್ತಮೂರು ಅವನ ಲೆಕ್ಕಕ್ಕೆ ಹೊಂದಿದ್ದು.

ಎಲ್ಲ ಹೇಳಿ ಮುಗಿದ ಮೇಲೆ ಅಕ್ಕ ಕೇಳಿದಳು:

"ಬೆಳಿಗ್ಗೆ ಪುಸ್ತಕ ನೋಡುವಾಗಲೇ ಗೊತ್ತಾಗಿತ್ತಾ?"

"ಹೂಂ."

"ಗೊತ್ತಿದ್ದೂ ನನ್ನ ಒಲೆ ಅಂದೆ."

ಅವಳು ಹಾಜರಿ ಪುಸ್ತಕ ತೆಗೆದು, ಕೊನೆಯ ಖಾಲಿ ಪುಟ ತೆರೆದು, ಅವನ ಮುಂದಿಟ್ಟಳು. ಕೆಂಪು ಪೆನ್ನು ಕೊಟ್ಟಳು.

"ಬರಿ."

"ಇದರಿಂದ ಏನಾಗುತ್ತೆ?"

"ಏನಾಗುತ್ತೋ ಆಮೇಲೆ ನೋಡೋಣ. ಈಗ ಹೇಳಿದ್ದನ್ನ ಬರಿ. ಅಹವಾಲು ಕೊಡೋಕೆ ಇನ್ನೂ ಹದಿನೈದು ದಿನ ಟೈಮ್ ಇದೆ ಅಂತ ಅವರೇ ಹೇಳಿದಾರೆ."

ಅವನು ಬರೆದ. ಬರೆಯುವುದು ಸುಲಭವಿತ್ತು, ಅಂಕಿಗಳು ಸಾಲಾಗಿ ಬಂದವು. ಒಂದೂವರೆ ಪುಟ. ಅಕ್ಷರ ಚಿಕ್ಕಂದಿನಂತೆ ದುಂಡಗಿತ್ತು. ಮುಗಿಸಿ ಪೆನ್ನು ಕೆಳಗಿಟ್ಟ.

"ಸಹಿ?" ಎಂದಳು ಅಕ್ಕ.

ಅವನು ಪೆನ್ನು ಮತ್ತೆ ತೆಗೆದುಕೊಂಡ. ಅದರ ಮುಚ್ಚಳ ಹಾಕಿದ, ತೆಗೆದ.

"ಸಹಿ ಇಲ್ಲದಿದ್ದರೆ ಯಾರು ಬರೆದದ್ದು ಅಂತ ಕೇಳ್ತಾರೆ. ಏನು ಹೇಳಲಿ? ಗಾಳಿ ಬರೀತು ಅನ್ನಲಾ?"

"ಅಕ್ಕ, ಸ್ವಲ್ಪ ಟೈಮ್ ಕೊಡು."

"ನಾನು ಯಾರು ಕೊಡೋಕೆ. ಹದಿನೈದು ದಿನ ಇದೆ ಅಂದೆನಲ್ಲ." ಅವಳು ತಿದ್ದುತ್ತಿದ್ದ ನೋಟುಪುಸ್ತಕವನ್ನು ಮತ್ತೆ ಎಳೆದುಕೊಂಡಳು. ಯಾವುದೋ ಲೆಕ್ಕಕ್ಕೆ ಸರಿ ಗುರುತು ಹಾಕಿದಳು. "ನಿನ್ನ ಸಂಸಾರ ಇದೆ, ಕೆಲಸ ಇದೆ. ನನಗೇನು ಅರ್ಥ ಆಗಲ್ವಾ."

ಅರ್ಥ ಮಾಡಿಕೊಂಡಳಲ್ಲ ಎಂದು ಅವನಿಗೆ ಮೈಯೆಲ್ಲ ಉರಿಯಿತು.

ಬಾಗಿಲಲ್ಲಿ ಸಂಪರ್ಕಾಧಿಕಾರಿಯ ನಗುಮುಖ ಕಾಣಿಸಿತು. "ಸರ್, ಇಲ್ಲಿದೀರಾ! ಎಲ್ಲ ಕಡೆ ಹುಡುಕಿದೆ. ಒಂದೇ ಒಂದು ಫೋಟೋ. ಮಕ್ಕಳು ಕಾಯ್ತಾ ಇದಾರೆ."

ಅವನು ಎದ್ದ. ಯಾಕೆ ಎದ್ದನೆಂದು ಅವನಿಗೆ ತಿಳಿಯಲಿಲ್ಲ. ಯಾರಾದರೂ ಕರೆದರೆ ಏಳುವುದು ಅವನ ಕಾಲಿಗೆ ಗೊತ್ತಿತ್ತು. ಹಾಜರಿ ಪುಸ್ತಕ ಮೇಜಿನ ಮೇಲೆ ತೆರೆದೇ ಇತ್ತು. ಅಕ್ಕ ಅದನ್ನು ಮುಚ್ಚಲಿಲ್ಲ.

*

ಬಯಲಿನಲ್ಲಿ ಮಕ್ಕಳು ಮೂರು ಸಾಲಾಗಿ ನಿಂತಿದ್ದರು. ಬಿಸಿಲು ನೆತ್ತಿಯ ಮೇಲಿತ್ತು. ರಟ್ಟಿನ ಪೆಟ್ಟಿಗೆಯೊಂದು ಬಾಯಿ ಬಿಚ್ಚಿ ಬಿದ್ದಿತ್ತು. ಅದರಲ್ಲಿದ್ದ ಬಿಳಿ ಮುಖಗವಸುಗಳನ್ನು ಆಗಲೇ ಹಂಚಿಯಾಗಿತ್ತು. ದೊಡ್ಡವರ ಅಳತೆಯವು. ಒಂದೊಂದರ ಎಡಗೆನ್ನೆಯ ಮೇಲೂ ಸ್ಥಾವರದ ಹಸಿರು ಲಾಂಛನ. ಮಕ್ಕಳ ಮುಖದಲ್ಲಿ ಕಣ್ಣು ಮಾತ್ರ ಉಳಿದಿದ್ದವು.

"ಮಕ್ಕಳ ಆರೋಗ್ಯಕ್ಕೆ ನಮ್ಮ ಕಿರುಕಾಣಿಕೆ," ಎಂದ ಸಂಪರ್ಕಾಧಿಕಾರಿ. "ನಮ್ಮ ಪತ್ರಿಕೇಲಿ ಮುಖಪುಟಕ್ಕೆ ಬರುತ್ತೆ. ನೀವು ಮಧ್ಯೆ ನಿಂತುಕೊಳ್ಳಿ ಸರ್. ನಿಮಗೂ ಒಂದು."

ಅವನು ಹಾಕಿಕೊಂಡ. ಒಳಗೆ ತನ್ನದೇ ಉಸಿರಿನ ಬಿಸಿ, ಬೆಳಗಿನ ಚಹಾದ ಹುಳಿ. ಎರಡನೆಯ ಸಾಲಿನ ನಡುವೆ ಜಾಗ ಬಿಟ್ಟಿದ್ದರು. ಅಲ್ಲಿ ಹೋಗಿ ನಿಂತ.

ಛಾಯಾಗ್ರಾಹಕ ಒಂದು ಕಣ್ಣು ಮುಚ್ಚಿ ನೋಡಿದ. ಯಾರೋ ಕೆಮ್ಮಿದರು. ಅದು ಪಕ್ಕದವರಿಗೆ ದಾಟಿತು, ಅಲ್ಲಿಂದ ಹಿಂದಿನ ಸಾಲಿಗೆ. "ಅಲುಗಾಡ್ತಿದೆ," ಎಂದ ಛಾಯಾಗ್ರಾಹಕ. "ಕೆಮ್ಮು ನಿಲ್ಲಿಸಿ ಮೇಷ್ಟ್ರೇ."

ಪಕ್ಕದಲ್ಲಿದ್ದ ಆಟದ ಮೇಷ್ಟ್ರು ಸೀಟಿ ಊದಿದರು. "ಎಲ್ಲ ಕೇಳಿ! ಉಸಿರು ಎಳಕೊಳ್ಳಿ... ಹಿಡೀರಿ! ನಾನು ಬಿಡಿ ಅನ್ನೋವರೆಗೆ ಯಾರೂ ಬಿಡಬಾರದು."

ಮೂರು ಸಾಲು ಎದೆಗಳು ಒಟ್ಟಿಗೆ ಉಬ್ಬಿ ನಿಂತವು. ಅವನ ಎದೆಯೂ ಉಬ್ಬಿತು.

"ಒಂದು ನಿಮಿಷ," ಎಂದು ಛಾಯಾಗ್ರಾಹಕ ಕ್ಯಾಮೆರಾ ಇಳಿಸಿದ. "ಹಿಂದೆ ಕಿಟಕೀಲಿ ನಿಂತವರು ಫೋಟೋದಲ್ಲಿ ಬರ್ತಾ ಇದಾರೆ."

ಸಂಪರ್ಕಾಧಿಕಾರಿ ಕೈ ಬೀಸಿದ. "ಮೇಡಂ! ಸ್ವಲ್ಪ ಆ ಕಡೆ ಸರೀರಿ!"

ಅವನು ತಿರುಗಿ ನೋಡಲಿಲ್ಲ. ನೋಡದೆಯೂ ಗೊತ್ತಿತ್ತು, ಅಕ್ಕ ಸರಿಯಲಿಲ್ಲ.

"ಮೇಡಂ, ಫೋಟೋಕ್ಕೆ ಅಡ್ಡ ಆಗ್ತಿದೆ!"

ಮೇಷ್ಟ್ರು ಸೀಟಿಯನ್ನು ಕೈಯಲ್ಲಿ ಹಿಡಿದು ಕಿಟಕಿಯತ್ತ ಓಡಿದರು. ಅಲ್ಲಿ ಅವರು ತಗ್ಗಿದ ದನಿಯಲ್ಲಿ ಏನೋ ಬೇಡಿಕೊಳ್ಳುವುದು ಕೇಳಿಸಿತು. ಸಂಪರ್ಕಾಧಿಕಾರಿಯೂ ಅವರ ಹಿಂದೆ ಹೋದ. ಛಾಯಾಗ್ರಾಹಕ ಕ್ಯಾಮೆರಾದ ಗಾಜು ಒರೆಸತೊಡಗಿದ.

ಬಿಡಿ ಎಂದು ಯಾರೂ ಹೇಳಿರಲಿಲ್ಲ.

ಅವನ ಮುಂದೆ ನಿಂತಿದ್ದ ಪುಟ್ಟ ಹುಡುಗಿಯೊಬ್ಬಳು ಕತ್ತೆತ್ತಿ ಅವನನ್ನು ನೋಡಿದಳು. ಗವಸಿನ ಮೇಲಿನ ಕಣ್ಣುಗಳು ಕೆಂಪಾಗಿ, ನೀರು ತುಂಬಿ, ದೊಡ್ಡದಾಗುತ್ತಿದ್ದವು. ಹೆದರಿದ ನೋಟವಲ್ಲ, ದೊಡ್ಡವರಲ್ಲಿ ಅಪ್ಪಣೆ ಕೇಳುವ ನೋಟ. ಹೇಳಬೇಕಾದದ್ದು ಎರಡೇ ಅಕ್ಷರ. ಹೇಳಲು ಅವನು ಮೊದಲು ಉಸಿರು ಬಿಡಬೇಕಿತ್ತು. ಬಲಗಡೆ ಯಾರದೋ ಮೊಣಕಾಲು ನಡುಗತೊಡಗಿತು. ತಾನು ಮನಸ್ಸಿನಲ್ಲಿ ಎಣಿಸುತ್ತಿದ್ದೇನೆ ಎಂದು ಅವನಿಗೆ ಆಗ ತಿಳಿಯಿತು. ಮೂವತ್ತೆಂಟು, ಮೂವತ್ತೊಂಬತ್ತು. ಸಾಲು ಮುರಿಯಲಿಲ್ಲ. ಇಡೀ ಬಯಲು ಉಸಿರು ಹಿಡಿದು ನಿಂತಿತ್ತು. ಬಿಡಿ ಎನ್ನಬೇಕಾದವರು ಇನ್ನೂ ಕಿಟಕಿಯ ಬಳಿ ವಾದಿಸುತ್ತಿದ್ದರು.